ಗಿರಿಜಕ್ಕನ ಮೊಳೆಗೆ ನೇತಾಡುವ ನನ್ನ ಎರಡನೇ ಕೀ

ಪಾಠ ಹೇಳುವವರಿಗೆ ಒಂದು ಕೆಟ್ಟ ಚಾಳಿ. ಹೇಳಿ ಮುಗಿಸಿದ ಕೂಡಲೇ ಆ ಕೆಲಸವನ್ನು ತಾವು ಮಾಡಿಯೂ ಆಯಿತೆಂದು ತಿಳಿದುಬಿಡುತ್ತಾರೆ. ಇಪ್ಪತ್ತೆರಡು ವರ್ಷ ಹೈಸ್ಕೂಲ್ ಮೇಷ್ಟ್ರಾಗಿರುವ ನನಗೆ ಅದು ಮೈಗೇ ಹತ್ತಿದೆ. ಕಂಪ್ಯೂಟರ್ ಒಂದಿಷ್ಟು ಬರುತ್ತದೆಂದು ಸಾಗರ, ತೀರ್ಥಹಳ್ಳಿ ಕಡೆಯಿಂದಲೂ ಮೊಬೈಲ್ ಮೋಸದ ಬಗ್ಗೆ ಮಾತಾಡಲು ಕರೆಯುತ್ತಾರೆ. ಹೋಗುತ್ತೇನೆ, ಮಾತಾಡುತ್ತೇನೆ, ಶಾಲು ಹೊದೆಸಿಕೊಂಡು ಬರುತ್ತೇನೆ. ಬೀರುವಿನಲ್ಲಿ ಎಂಟು ಶಾಲು ಕೂಡಿವೆ. ಈಗ ಅವನ್ನು ನೋಡಿದರೆ ನಾಚಿಕೆಯಾಗುತ್ತದೆ.

ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮನೆಗೆ ಕೇಬಲ್ಲಿನಲ್ಲಿ ಇಂಟರ್ನೆಟ್ ಬಂದಿದೆ, ಅದರ ಜೊತೆಗೇ ಲ್ಯಾಂಡ್‌ಲೈನೂ ಇದೆ. ಮೊಬೈಲ್ ಸಿಗ್ನಲ್ ಮಾತ್ರ ಇಲ್ಲ. ಅದು ಬೇಕಾದರೆ ಅರ್ಧ ಕಿಲೋಮೀಟರ್ ನಡೆದು, ಬಸ್ಸು ನಿಲ್ಲುವಲ್ಲಿರುವ ಗಿರಿಜಕ್ಕನ ಚಾ ಅಂಗಡಿಗೆ ಹೋಗಬೇಕು. ಅಲ್ಲಿಯೂ ಎಲ್ಲೆಂದರಲ್ಲಿ ಸಿಗುವುದಿಲ್ಲ, ಬಾಗಿಲ ಪಕ್ಕದ ಒಂದು ಮೊಳೆಯ ಹತ್ತಿರ ಮಾತ್ರ. ಹಾಗಾಗಿ ಊರಿನ ಐದಾರು ಮೊಬೈಲು ಪ್ಲಾಸ್ಟಿಕ್ ಚೀಲದೊಳಗೆ ಆ ಮೊಳೆಗೆ ನೇತಾಡುತ್ತಿರುತ್ತವೆ. ಫೋನ್ ಬಂದರೆ ಗಿರಿಜಕ್ಕ ಎತ್ತಿ ಮಾತಾಡುತ್ತಾರೆ, ಒಟಿಪಿ ಬಂದರೆ ಓದಿ ಹೇಳುತ್ತಾರೆ. ನಾನು ಲ್ಯಾಂಡ್‌ಲೈನಿನಿಂದ ನನ್ನದೇ ಮೊಬೈಲಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತಿದ್ದೆ.

ಹೋದ ತಿಂಗಳು ನಮ್ಮೂರ ಮಹಿಳಾ ಸಂಘದಲ್ಲೇ ನನ್ನ ಭಾಷಣ. “ಪಾಸ್‌ವರ್ಡ್ ಮೊದಲನೇ ಬೀಗ, ಅದರ ಕೀ ನಿಮ್ಮ ತಲೆಯಲ್ಲಿರುತ್ತದೆ. ಕಳ್ಳ ಹೇಗೋ ಅದನ್ನು ತಿಳಿದುಕೊಂಡ ಅಂತಿಟ್ಟುಕೊಳ್ಳಿ. ಅದಕ್ಕೇ ಎರಡನೇ ಬೀಗ. ಅದರ ಕೀ ನಿಮ್ಮ ಕೈಯಲ್ಲಿರುವ ಮೊಬೈಲಿಗೆ ಬರುವ ಆರು ಅಂಕಿ. ಎರಡೂ ಸೇರದೆ ಬಾಗಿಲು ತೆರೆಯದು. ಆ ಅಂಕಿ ಯಾರಿಗೂ ಹೇಳಬೇಡಿ. ಪರಿಚಯದ ದನಿಯನ್ನೂ ನಂಬಬೇಡಿ, ಪರದೆಯ ಮೇಲಿನ ಹೆಸರನ್ನೂ ನಂಬಬೇಡಿ!” ಮುಂದಿನ ಸಾಲಿನಲ್ಲಿ ಗಿರಿಜಕ್ಕ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ‘ನಿಮ್ಮ ಕೈಯಲ್ಲಿರುವ ಮೊಬೈಲು’ ಎನ್ನುವಾಗಲೂ ನನ್ನದು ಎಲ್ಲಿದೆ ಎಂದು ನನಗೆ ಹೊಳೆಯಲಿಲ್ಲ ನೋಡಿ. ಶಾಲು ಹೊದೆಸಿದರು, ಬಂದೆ.

ಮರುದಿನ ಭಾನುವಾರ. ಹತ್ತನೇ ತರಗತಿಯ ಮೂವತ್ತೊಂದು ಮಕ್ಕಳ ಪರೀಕ್ಷೆ ಅರ್ಜಿಗಳನ್ನು ಆನ್‌ಲೈನಿನಲ್ಲಿ ಕಳಿಸಲು ಸಂಜೆ ಐದು ಗಂಟೆಯೇ ಕೊನೆ. ತಪ್ಪಿದರೆ ಮಕ್ಕಳು ಪರೀಕ್ಷೆಗೆ ಕೂರುವ ಹಾಗಿಲ್ಲ. ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ಒಬ್ಬನೇ. ನಾಳೆ ನಾಳೆ ಎಂದು ಮುಂದೂಡಿದವನು ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ಪಾಸ್‌ವರ್ಡ್ ಒತ್ತಿದೆ. ಒಟಿಪಿ ಕೇಳಿತು. ಅಂಗಡಿಗೆ ಫೋನ್ ಮಾಡಿದೆ.

“ಗಿರಿಜಕ್ಕ, ಒಂದು ನಂಬರ್ ಬಂದಿರ್ತದೆ, ಬೇಗ ಓದಿ.”

“ಬಂದದೆ. ಓದೂದಿಲ್ಲ.”

“ಎಂತಕ್ಕೆ?”

“ಯಾರಿಗೂ ಹೇಳ್ಬೇಡಿ ಅಂತ ನಿನ್ನೆ ನೀವೇ ಹೇಳಿದ್ರಲ್ಲ.”

“ಅಯ್ಯೋ, ನಾನೇ ಮಾರಾಯ್ರೆ, ಮೇಷ್ಟ್ರು!”

“ದನಿ ನಂಬಬೇಡಿ ಅಂತ್ಲೂ ನೀವೇ ಹೇಳಿದ್ದು.”

ನನಗೆ ಪಿತ್ತ ನೆತ್ತಿಗೇರಿತು. ಅವರ ಓದಿನ ಬಗ್ಗೆ ಒಂದು ಮಾತು ಅಂದುಬಿಟ್ಟೆ. ಏನಂದೆ ಎಂದು ಇಲ್ಲಿ ಬರೆಯಲಾರೆ. ಮೇಷ್ಟ್ರ ಬಾಯಲ್ಲಿ ಬರಬಾರದ ಮಾತು ಎಂದಷ್ಟು ತಿಳಿದುಕೊಳ್ಳಿ. ಗಿರಿಜಕ್ಕ ಫೋನ್ ಇಟ್ಟರು.

ಪಂಚೆ ಎತ್ತಿಕಟ್ಟಿ ಓಡಿದೆ. ಒಟಿಪಿಗೆ ಹತ್ತು ನಿಮಿಷದ ಆಯುಷ್ಯ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗಿರಿಜಕ್ಕ ಮೊಬೈಲನ್ನು ಕೈಗೆ ಕೊಟ್ಟರು, ಮುಖ ನೋಡಲಿಲ್ಲ. ಏದುಸಿರು ಬಿಡುತ್ತ ವಾಪಸು ಓಡಿ, ಅಂಕಿ ಒತ್ತಿ, ಅರ್ಜಿಗಳನ್ನು ಕಳಿಸಿದಾಗ ಐದಕ್ಕೆ ಮೂರು ನಿಮಿಷ ಬಾಕಿಯಿತ್ತು. ಬೆವರು ಒರೆಸಿಕೊಂಡು ಮೊಬೈಲ್ ನೋಡುತ್ತೇನೆ, ಬೆಳಿಗ್ಗೆ ಹನ್ನೊಂದಕ್ಕೆ ಇನ್ನೊಂದು ಒಟಿಪಿ ಬಂದಿದೆ. ಅದನ್ನು ನಾನು ಕೇಳಿರಲೇ ಇಲ್ಲ. ಅಂದರೆ ಯಾವನೋ ನನ್ನ ಮೊದಲನೇ ಬೀಗ ತೆಗೆದು, ಎರಡನೆಯದರ ಮುಂದೆ ನಿಂತಿದ್ದ. ಪಾಸ್‌ವರ್ಡ್ ಬದಲಾಯಿಸಿ ಮತ್ತೆ ಅಂಗಡಿಗೆ ಹೋದೆ.

“ಹೌದು, ಒಬ್ಬ ಫೋನ್ ಮಾಡಿದ್ದ,” ಎಂದರು ಗಿರಿಜಕ್ಕ, ಲೋಟ ತೊಳೆಯುತ್ತ. “ನಿಮ್ಮ ಯಜಮಾನ್ರು ಆ ನಂಬರ್ ಕೇಳ್ತಾ ಇದಾರೆ, ಓದಿ ಅಂದ. ನಮ್ಮ ಯಜಮಾನ್ರು ತೀರ್ಕೊಂಡು ಎಂಟು ವರ್ಷ ಆಯ್ತು, ಅವ್ರಿಗೆ ಅಲ್ಲಿ ಎಂತಕ್ಕೆ ಬೇಕಂತೆ ನಂಬರು ಅಂದೆ. ಇಟ್ಬಿಟ್ಟ.”

ನಗಬೇಕಿತ್ತು, ನಗು ಬರಲಿಲ್ಲ. ಇಷ್ಟು ವರ್ಷ ಭಾಷಣ ಕೇಳಿದವರಲ್ಲಿ ನನ್ನ ಮಾತನ್ನು ನಿಜವಾಗಿ ಪಾಲಿಸಿದವರು ಇವರೊಬ್ಬರೇ ಇರಬೇಕು. ಅವರಿಗೇ ನಾನು ಹಾಗೆ ಅಂದಿದ್ದೆ. “ತಪ್ಪಾಯ್ತು ಗಿರಿಜಕ್ಕ” ಎಂದೆ.

“ಇರ್ಲಿ ಬಿಡಿ, ಚಾ ಕುಡೀರಿ,” ಎಂದವರು ಸ್ವಲ್ಪ ಯೋಚಿಸಿ, “ಇನ್ಮೇಲೆ ಫೋನ್ ಮಾಡಿದ್ರೆ ಅವತ್ತು ನಂಗೆ ಎಂತ ಅಂದ್ರಿ ಅಂತ ಮೊದ್ಲು ಹೇಳಿ. ಅದು ನಿಮಗೂ ನಂಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಆಮೇಲೆ ನಂಬರ್ ಓದ್ತೀನಿ,” ಎಂದರು.

ನಾನೇ ನಡೆದು ಹೋಗಿ ನೋಡಿಕೊಳ್ಳುವುದು ಸರಿ, ಗೊತ್ತು. ಮೊಣಕಾಲು ಒಪ್ಪುವುದಿಲ್ಲ. ಹಾಗಾಗಿ ಈಗ ಪ್ರತಿ ಒಟಿಪಿಗೂ, ಹೆಂಡತಿಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಆ ಮಾತು ಹೇಳುತ್ತೇನೆ. “ಜೋರಾಗಿ ಹೇಳಿ, ಕೇಳೂದಿಲ್ಲ” ಎನ್ನುತ್ತಾರೆ. ಮತ್ತೆ ಹೇಳುತ್ತೇನೆ. “ಹ್ಞಾ, ಮೇಷ್ಟ್ರೇ” ಎಂದು ಅಂಕಿ ಓದುತ್ತಾರೆ.

ಮೊನ್ನೆ ತಡೆಯಲಾರದೆ ಕೇಳಿದೆ: “ಗಿರಿಜಕ್ಕ, ಪಾಸ್‌ವರ್ಡನ್ನು ಆಗಾಗ ಬದಲಾಯಿಸ್ಬೇಕು. ಇದನ್ನೂ ಬದಲಾಯಿಸೋಣ್ವಾ?”

“ಬದಲಾಯಿಸ್ಬಹುದು ಮೇಷ್ಟ್ರೇ. ಆದ್ರೆ ಅದಕ್ಕೆ ನೀವು ಇನ್ನೊಂದ್ಸಲ ಬೈಬೇಕಾಗ್ತದೆ. ಬೈತೀರಾ?”

ಹಳೆಯದೇ ಇರಲಿ ಎಂದೆ.