ಮಾತ್ರೆ ಹೆಚ್ಚಿದೆ, ಡಾಕ್ಟ್ರೇ

ನಮ್ಮ ದೊಡ್ಡಮ್ಮನಿಗೆ ಎಪ್ಪತ್ತೆರಡು ವರ್ಷ, ಇವತ್ತಿನವರೆಗೆ ಒಂದೇ ಒಂದು ಕಾಯಿಲೆ ಬಂದಿಲ್ಲ ಅಂದರೆ ನೀವು ನಂಬುತ್ತೀರಾ? ನಂಬಬೇಡಿ. ಬಿ.ಪಿ. ಇದೆ, ಶುಗರ್ ಇದೆ, ಥೈರಾಯ್ಡ್ ಇದೆ, ಎರಡೂ ಮಂಡಿ ಸವೆದಿವೆ. ಆದರೆ ಇವು ಯಾವುವೂ ಕಾಯಿಲೆಗಳಲ್ಲ, ಏಕೆಂದರೆ ದೊಡ್ಡಮ್ಮ ಅವನ್ನು ಎಂದೂ ಹೆಸರು ಹಿಡಿದು ಕರೆದಿಲ್ಲ. ಕರೆಯದೆ ಬರುವುದಕ್ಕೆ ಅವಕ್ಕೇನು ಮಾನ ಮರ್ಯಾದೆ ಇಲ್ಲವೇ ಎಂಬುದು ಅವಳ ವಾದ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಗವಿಪುರದಲ್ಲಿ ಒಂದೇ ಮನೆಯ ಕೆಳಗಿನ ಭಾಗದಲ್ಲಿ ಅವಳು ಮತ್ತು ದೊಡ್ಡಪ್ಪ, ಮಹಡಿಯ ಮೇಲೆ ನಾನು ಮತ್ತು ನನ್ನ ಗಂಡ. ಮೇಲೆ ಏನು ಮಾತಾಡಿದರೂ ಕೆಳಗೆ ಕೇಳಿಸುತ್ತದೆ. ನಾನು ಆಫೀಸಿನಿಂದ ಬಂದು "ಅಯ್ಯೋ, ತಲೆನೋವಿಂದ ಸತ್ತೆ" ಅಂದರೆ ಸಾಕು, ಮೆಟ್ಟಿಲ ಬುಡದಿಂದ ದನಿ ಏರಿ ಬರುತ್ತದೆ: "ಬಿಡ್ತು ಅನ್ನು." ನಾನು "ಬಿಡ್ತು" ಅನ್ನುವವರೆಗೂ ಆ ದನಿ ಅಲ್ಲೇ ನಿಂತಿರುತ್ತದೆ. ಅಂದ ಮೇಲೆ ಒಂದು ಲೋಟ ಕಾಫಿ ಬರುತ್ತದೆ, ಅದು ಬೇರೆ ಮಾತು.

ಇದಕ್ಕೆಲ್ಲ ಕಾರಣ ಅಸ್ತು ದೇವತೆಗಳು. ಅವರು ಮನೆಗಳ ಮೇಲೆ ಸದಾ ಓಡಾಡುತ್ತಿರುತ್ತಾರಂತೆ. ನಾವು ಏನಂದರೂ "ಅಸ್ತು" ಎಂದು ಮುದ್ರೆ ಒತ್ತಿ ಮುಂದಿನ ಮನೆಗೆ ಹೋಗುವುದು ಅವರ ಕೆಲಸ. ಹಾಗಾಗಿ ಕೆಟ್ಟ ಮಾತು ಆಡಬಾರದು. ಹಳೆಯ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯಲ್ಲಿ ಅಕ್ಕಿ ಮುಗಿಯುವುದಿಲ್ಲ, ಹೆಚ್ಚುತ್ತದೆ. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಯಾರೂ "ಹೋಗ್ತೀನಿ" ಅನ್ನುವುದಿಲ್ಲ, "ಹೋಗ್ಬರ್ತೀನಿ" ಅನ್ನುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುವ ಅಗತ್ಯವೇ ಇರಲಿಲ್ಲ. ದೊಡ್ಡಮ್ಮ ಈ ಪದ್ಧತಿಯನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟಳು.

ಅವಳಿಗೆ ನೆಗಡಿಯಾಗುವುದಿಲ್ಲ, ಮೂಗಿಗೆ ಗಂಗೆ ಬರುತ್ತಾಳೆ. ಭೇದಿಯಾದರೆ ಹೊಟ್ಟೆ ಧಾರಾಳವಾಗಿದೆ ಎಂದರ್ಥ. ಅದರ ಉಲ್ಟಾ ಆದರೆ ಹೊಟ್ಟೆ ಜಿಪುಣತನ ಮಾಡುತ್ತಿದೆ. ಮಂಡಿ ನೋಯುವುದಿಲ್ಲ, ಮಾತಾಡುತ್ತದೆ. ಶುಗರಿಗೆ "ಸಿಹಿ ನೆಂಟರು" ಎಂದು ಹೆಸರು. ಬಿ.ಪಿ.ಗೆ "ಮೇಲಿನವರು". ನಮ್ಮ ಮದುವೆಯಾದ ಹೊಸದರಲ್ಲಿ ನನ್ನ ಗಂಡ ಒಂದು ಸಂಜೆ ಮೆಟ್ಟಿಲ ಮೇಲೆ ನಿಂತಿದ್ದಾಗ ಕೆಳಗೆ ದೊಡ್ಡಮ್ಮ ದೊಡ್ಡಪ್ಪನಿಗೆ ಹೇಳುತ್ತಿದ್ದಳಂತೆ: "ಮೇಲಿನವರದ್ದು ಯಾಕೋ ಈಚೆಗೆ ಜಾಸ್ತಿಯಾಗಿದೆ ರೀ. ಯಾರಿಗಾದ್ರೂ ಹೇಳಿ ಸ್ವಲ್ಪ ಇಳಿಸ್ಬೇಕು." ಪಾಪ, ಅವರು ಒಂದು ವಾರ ಮಹಡಿಯಲ್ಲಿ ತುದಿಗಾಲಲ್ಲಿ ಓಡಾಡಿದರು. ಟೀವಿಯನ್ನೂ ಹಾಕಲಿಲ್ಲ.

ಒಮ್ಮೆ ನಾನು ಜಗಳಕ್ಕೇ ನಿಂತೆ. "ಇದೇನು ದೊಡ್ಡಮ್ಮ, ಬಿ.ಪಿ. ಅಂದ್ರೆ ಬಿ.ಪಿ. ಅನ್ನೋಕೇನು ಕಷ್ಟ?"

"ಸಿಡುಬಿಗೆ ಊರೋರೆಲ್ಲ ಅಮ್ಮ ಅಂತಾರೆ. ಆಗ ನಿಂಗೆ ನಗು ಬರಲ್ಲ. ನಾನೊಂದು ಹೆಸರಿಟ್ರೆ ನಗ್ತೀಯ," ಅಂದಳು.

ಹಾಗಂತ ಅವಳ ಆರೋಗ್ಯದ ತಿಳಿವಳಿಕೆಯನ್ನು ಹಗುರವಾಗಿ ನೋಡಬೇಡಿ. ಸಲಹೆ ಅಂದರೆ ಕಲ್ಲಿನಂಥ ಸಲಹೆ, ಕೊಡುವ ಧೈರ್ಯವೂ ಹಾಗೇ. ಗಾಂಧಿ ಬಜಾರಿನಲ್ಲಿ ನಮಗೆ ಸೊಪ್ಪು ಮಾರುವಾಕೆ ಒಂದು ದಿನ, "ಬಿ.ಪಿ. ಮಾತ್ರೆ ಕೊಟ್ಟವ್ರೆ ಕಣಮ್ಮ, ತಲೆ ಸುತ್ತಿದಾಗ ಒಂದು ನುಂಗ್ತೀನಿ," ಅಂದಳು. ದೊಡ್ಡಮ್ಮ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು. "ಮೇಲಿನವರು ದಿನಾ ಮನೇಲೇ ಇರ್ತಾರೆ. ನೀನು ಅವರಿಗೆ ದಿನಾ ಹಾಕಬೇಕು, ನೆನಪಾದಾಗ ಅಲ್ಲ. ಇನ್ನು ಜ್ವರದ ಮಾತ್ರೆ ಐದು ದಿನ ಅಂದ್ರೆ ಐದು ದಿನ. ಮೂರನೇ ದಿನ ಚೆನ್ನಾಗಿದೀನಿ ಅಂತ ಬಿಡೋದು ಊಟದ ಮಧ್ಯೆ ಎಲೆ ಮಡಿಸಿದ ಹಾಗೆ." ಎಂಥ ಡಾಕ್ಟರೂ ಒಪ್ಪುವ ಮಾತು. ಸೊಪ್ಪಿನಾಕೆ ಭಕ್ತಿಯಿಂದ ತಲೆಯಾಡಿಸಿದಳು. ಮುಂದಿನ ವಾರ ನಾನೊಬ್ಬಳೇ ಹೋದಾಗ ಮೆಲ್ಲಗೆ ಕೇಳಿದಳು: "ಅಲ್ಲಕ್ಕಾ, ನಮ್ದು ಶೀಟ್ ಮನೆ. ಮೇಲೆ ಯಾರೂ ಇಲ್ವಲ್ಲ?"

ಲ್ಯಾಬಿನವರ ಕಥೆ ಇನ್ನೊಂದು. ಫಾಸ್ಟಿಂಗ್ ಶುಗರ್ ನೋಡಲು ಬೆಳಿಗ್ಗೆ ಆರೂವರೆಗೆ ಒಬ್ಬಾಕೆ ಮನೆಗೇ ಬಂದರು. "ಖಾಲಿ ಹೊಟ್ಟೇಲಿದೀರಾ ಅಮ್ಮ?"

"ಹೊಟ್ಟೆ ಖಾಲಿ ಅನ್ಬಾರದಮ್ಮ. ತುಂಬಿದೆ."

"ಹಾಗಾದ್ರೆ ತಿಂಡಿ ಆಯ್ತಾ?"

"ಆಗುತ್ತೆ, ಆಗದೆ ಏನು," ಅಂದಳು ದೊಡ್ಡಮ್ಮ, ರಾತ್ರಿಯಿಂದ ಒಂದು ತೊಟ್ಟು ಹಾಲನ್ನೂ ಕುಡಿಯದವಳು. ಆಕೆ ಸೂಜಿ ಪೆಟ್ಟಿಗೆ ಮುಚ್ಚಿಕೊಂಡು, ನಾಳೆ ಏನೂ ತಿನ್ನದೆ ಇರಿ ಎಂದು ಹೇಳಿ ಹೊರಟುಹೋದರು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ನಾನು ಮೆಟ್ಟಿಲ ಮೇಲೆ ಕಾದು ಕೂತಿದ್ದು, "ರಾತ್ರಿಯಿಂದ ಏನೂ ತಿಂದಿಲ್ಲ, ತಗೊಳ್ಳಿ," ಎಂದು ಕೂಗಿದೆ. ರಕ್ತವೇನೋ ಲ್ಯಾಬಿಗೆ ಹೋಯಿತು. ದೊಡ್ಡಮ್ಮ ಮಾತ್ರ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತು ಬಿಟ್ಟಳು.

ನಮ್ಮ ಹಳೆಯ ಡಾಕ್ಟರಿದ್ದಾಗ ಈ ತಾಪತ್ರಯ ಇರಲಿಲ್ಲ. ಮೂವತ್ತು ವರ್ಷ ಕೇಳಿ ಕೇಳಿ ಅವರು ದೊಡ್ಡಮ್ಮನ ಭಾಷೆ ಕಲಿತಿದ್ದರು. "ಗಂಗೆ ಯಾವ ಬಣ್ಣ ಇದಾಳೆ? ಬಿಳಿಯೋ ಹಳದಿಯೋ?" ಎಂದೇ ಕೇಳುತ್ತಿದ್ದರು. ವಯಸ್ಸಾಯಿತೆಂದು ಅವರು ಕ್ಲಿನಿಕ್ಕನ್ನು ಒಬ್ಬ ಡಾಕ್ಟರಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತರು. ಈ ಡಾಕ್ಟರಮ್ಮ ಒಳ್ಳೆಯವರು, ಚುರುಕು, ಕನ್ನಡವನ್ನೂ ಸೊಗಸಾಗಿ ಮಾತಾಡುತ್ತಾರೆ. ತೊಂದರೆಯಾದದ್ದೇ ಅದರಿಂದ. ಕನ್ನಡ ಅರೆಬರೆ ಬರುತ್ತಿದ್ದರೆ ಇನ್ನೊಂದು ಸಲ ಕೇಳುತ್ತಿದ್ದರು.

ದೊಡ್ಡಮ್ಮನ ಬಿ.ಪಿ. ಮಾತ್ರೆ ಮುಗಿಯಿತು. ಸೊಪ್ಪಿನಾಕೆಗೆ ತಾನೇ ಹೇಳಿದ್ದನ್ನು ಮರೆತು ಹತ್ತು ದಿನ ಸುಮ್ಮನಿದ್ದು, ಆಮೇಲೆ ಕ್ಲಿನಿಕ್ಕಿಗೆ ಫೋನು ಮಾಡಿದಳು. "ಮಾತ್ರೆ ಹೆಚ್ಚಿದೆ, ಡಾಕ್ಟ್ರೇ."

"ಹೆಚ್ಚಾಯ್ತಾ? ತಲೆ ಸುತ್ತುತ್ತಾ ಅಮ್ಮ?"

"ಒಂಚೂರು ಪ್ರದಕ್ಷಿಣೆ ಹಾಕ್ತಿದೆ."

"ಹಾಗಾದ್ರೆ ಎರಡು ದಿನ ನಿಲ್ಲಿಸ್ಬಿಡಿ. ನಾಡಿದ್ದು ಬನ್ನಿ, ನೋಡ್ತೀನಿ."

ಫೋನಿಟ್ಟ ದೊಡ್ಡಮ್ಮ ಬೆರಗಾದಳು. "ಡಬ್ಬೀಲಿ ಹೆಚ್ಚಿರೋ ಮಾತ್ರೇನ ನಿಲ್ಲಿಸಿ ಅಂತಾರಲ್ರೀ," ಎಂದು ದೊಡ್ಡಪ್ಪನ ಹತ್ತಿರ ಅಂದಳು. "ಹೋಗ್ಲಿ, ಅವರಿಗೇನೋ ಗೊತ್ತಿರುತ್ತೆ." ಐವತ್ತು ವರ್ಷದಿಂದ ಹೆಂಡತಿಯ ಮಾತಿಗೆ ಹ್ಞೂಂ ಅನ್ನುತ್ತಾ ಬಂದ ದೊಡ್ಡಪ್ಪ ಇದಕ್ಕೂ ಹ್ಞೂಂ ಅಂದರು. ನಾಡಿದ್ದು ಮಂಗಳವಾರ, ಮಂಗಳವಾರ ಯಾರಾದರೂ ಡಾಕ್ಟರ ಮನೆ ಮೆಟ್ಟಿಲು ಹತ್ತುತ್ತಾರೆಯೇ? ಆಮೇಲೆ ಅಮಾವಾಸ್ಯೆ. ಅದರ ಮಾರನೆಯ ದಿನ ಪಾಡ್ಯ. ಅಂತೂ ನನಗೆ ವಿಷಯ ತಿಳಿದು, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುವ ಹೊತ್ತಿಗೆ ಮಾತ್ರೆಯಿಲ್ಲದೆ ಹದಿನೇಳು ದಿನ.

ಡಾಕ್ಟರಮ್ಮ ಬಿ.ಪಿ. ನೋಡಿದರು. ಮಷೀನು ಕೆಟ್ಟಿದೆಯೆಂದು ಇನ್ನೊಂದು ಮಷೀನು ತರಿಸಿದರು. ಆಮೇಲೆ ಇನ್ನೊಂದು ತೋಳು. "ನಾನು ಎರಡು ದಿನ ತಾನೆ ನಿಲ್ಲಿಸಿ ಅಂದಿದ್ದು?" ಎಂದರು ಗಾಬರಿಯಿಂದ.

"ನೀವು ಹೇಳೋಕೆ ಹತ್ತು ದಿನ ಮುಂಚೇನೇ ಹೆಚ್ಚಿತ್ತಲ್ಲ," ಅಂದಳು ದೊಡ್ಡಮ್ಮ.

ಕೊನೆಗೆ ನಾನು ಬಾಯಿ ಬಿಡಬೇಕಾಯಿತು. "ಡಾಕ್ಟ್ರೇ, ನಮ್ಮ ಮನೇಲಿ ಹೆಚ್ಚಿದೆ ಅಂದ್ರೆ ಮುಗಿದಿದೆ ಅಂತ." ಅವರು ಒಂದು ಗಳಿಗೆ ನನ್ನನ್ನೇ ನೋಡಿದರು, ತಪ್ಪೆಲ್ಲ ನನ್ನದೇ ಎಂಬಂತೆ. ನಕ್ಕರು. ಆಮೇಲೆ ನಗು ನಿಲ್ಲಿಸಿ, ಪೆನ್ನು ಕೆಳಗಿಟ್ಟು, ದೊಡ್ಡಮ್ಮನ ಕೈ ಹಿಡಿದುಕೊಂಡರು.

"ಅಮ್ಮ, ಮನೇಲಿ ಅಕ್ಕಿ ಹೆಚ್ಚಲಿ, ಬಳೆ ಹೆಚ್ಚಲಿ, ನಾನು ಬೇಡ ಅನ್ನಲ್ಲ. ಇಲ್ಲಿ ಮಾತ್ರ ಮುಗೀತು ಅಂದ್ರೆ ಮುಗೀತು ಅನ್ನಿ, ನೋವಿದ್ರೆ ನೋವು ಅನ್ನಿ. ನಾಳೆ ನಿಮಗೋ ನಿಮ್ಮ ಯಜಮಾನ್ರಿಗೋ ಎದೆ ನೋವು ಬಂತು ಅಂತಿಟ್ಕೊಳ್ಳಿ. ನೀವು ಎದೆ ಮಾತಾಡ್ತಿದೆ ಅಂದ್ರೆ, ಅದೇನು ಅಂತ ನಮಗೆ ತಿಳಿಯೋದ್ರೊಳಗೆ ಮನುಷ್ಯ ಉಳಿಯಲ್ಲ."

"ಬಿಡ್ತು ಅನ್ನಿ, ಡಾಕ್ಟ್ರೇ," ಅಂದಳು ದೊಡ್ಡಮ್ಮ. ಡಾಕ್ಟರಮ್ಮ ಸುಮ್ಮನೆ "ಬಿಡ್ತು" ಅಂದರು. ಬೇರೇನು ಮಾಡುತ್ತಾರೆ?

ಅವತ್ತಿನಿಂದ ನನಗೆ ನಿಜವಾದ ಹೆದರಿಕೆ ಹಿಡಿಯಿತು. ಹಗಲು ನಾನು ಆಫೀಸಿನಲ್ಲಿರುತ್ತೇನೆ. ಕೆಳಗೆ ಇವರಿಬ್ಬರೇ. ಏನಾದರೂ ಆದರೆ ಫೋನಿನಲ್ಲಿ ಒಂದು ನೇರವಾದ ಮಾತು ಈ ಬಾಯಿಂದ ಬರುತ್ತದೆಯೇ? ನಾನು ಪಾಠಕ್ಕೇ ಕೂತೆ. "ಹೇಳು ದೊಡ್ಡಮ್ಮ. ಎದೆ ನೋವು."

"ಎದೆ," ಅನ್ನುವಳು.

"ಹ್ಞೂಂ, ಮುಂದೆ?"

"ಎದೆಗೇನು, ಚೆನ್ನಾಗಿದೆ."

ಇಪ್ಪತ್ತು ದಿನ ಹೇಳಿಕೊಟ್ಟೆ, "ಎದೆ"ಯಿಂದ ಮುಂದಕ್ಕೆ ಹೋಗಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಕೈಬಿಟ್ಟೆ. ಹೆದರಿಕೆ ಮಾತ್ರ ಬಿಡಲಿಲ್ಲ.

ಮೊನ್ನೆ ಮೊನ್ನೆ, ಒಂದು ಭಾನುವಾರ ಬೆಳಿಗ್ಗೆ, ದೊಡ್ಡಪ್ಪ ವಾಕಿಂಗ್ ಮುಗಿಸಿ ಬಂದು ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಹಾಲಿನ ಪ್ಯಾಕೆಟ್ಟು ತರಲು ಕೆಳಗಿಳಿದೆ. ಅವರು ಎದೆ ಉಜ್ಜಿಕೊಳ್ಳುತ್ತಿದ್ದರು. "ಗ್ಯಾಸ್ಟ್ರಿಕ್ ಕಣಮ್ಮ. ನಿನ್ನೆ ಆ ಬೆಣ್ಣೆ ಮಸಾಲೆ ದೋಸೆ ತಿನ್ನಬಾರದಿತ್ತು."

"ಅದೇ ಇರಬೇಕು ದೊಡ್ಡಪ್ಪ, ಜೀರಿಗೆ ನೀರು ಕೊಡ್ತೀನಿ ಇರಿ," ಅಂದೆ ನಾನು. ಮೇಲಿನಿಂದ ನನ್ನ ಗಂಡನೂ, "ಒಂದು ಗ್ಯಾಸಿನ ಮಾತ್ರೆ ನುಂಗಿ ಮಲಗಲಿ, ಸರಿಹೋಗುತ್ತೆ," ಎಂದರು. ನಮ್ಮ ಬೆಂಗಳೂರಿನಲ್ಲಿ ಕತ್ತಿನಿಂದ ಸೊಂಟದವರೆಗೆ ಏನಾದರೂ ಗ್ಯಾಸ್ಟ್ರಿಕ್ಕೇ ಅಲ್ಲವೇ? ದೊಡ್ಡಮ್ಮನ ಸಿಹಿ ನೆಂಟರನ್ನು ನೋಡಿ ನಗುವ ನಾವು ಓದಿದವರು, ಹೆದರಿಕೆಯಾದಾಗ ಇಟ್ಟುಕೊಳ್ಳುವ ಮುದ್ದು ಹೆಸರು ಅದು. ಆಗ ನನಗೆ ಇದು ಹೊಳೆಯಲಿಲ್ಲ.

ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದಳು. ಗಂಡನ ಮುಖ ನೋಡಿದಳು. ಹಣೆ ಮುಟ್ಟಿದಳು, ಕತ್ತಿನ ಹಿಂಭಾಗ ಮುಟ್ಟಿದಳು. ಅವಳ ಕೈಯೆಲ್ಲ ಅವರ ಬೆವರು. ಒಂದು ಕ್ಷಣ ಹಾಗೇ ನಿಂತಳು, ತುಟಿ ಅಲುಗುತ್ತಿತ್ತು, ಮಾತು ಬರಲಿಲ್ಲ. ಆಮೇಲೆ ಬಂತು.

"ಗ್ಯಾಸ್ಟ್ರಿಕ್ ಅಲ್ಲ. ಎದೆ ನೋವು ಇದು. ಕಾರು ತೆಗೀರಿ. ಈಗ ಹೋಗ್ಲಿಲ್ಲಾಂದ್ರೆ ಇವರು ಸತ್ತುಹೋಗ್ತಾರೆ."

ಯಾರೂ ಬಿಡ್ತು ಅನ್ನಲಿಲ್ಲ. ನನ್ನ ಗಂಡ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿ ಬಂದು ಕಾರು ತೆಗೆದರು. ದಾರಿಯಲ್ಲಿ ಡಾಕ್ಟರಮ್ಮನಿಗೆ ಫೋನು ಮಾಡಿದೆ. ನನ್ನ ಹತ್ರ ಬರಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಗೇ ಹೋಗಿ ಅಂದರು. ಅಲ್ಲಿನ ಡಾಕ್ಟರು ಯಾವಾಗ ಶುರುವಾಯ್ತು, ಏನೇನಾಯ್ತು ಎಂದು ಕೇಳಿದಾಗ ನಾನು "ಅದು, ಬೆಳಿಗ್ಗೆ, ಸ್ವಲ್ಪ" ಎಂದು ತೊದಲಿದೆ. ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಏಳೂ ಕಾಲಿಗೆ ಶುರುವಾಯ್ತು. ಎದೆ ಮಧ್ಯೆ ನೋವು, ಎಡಗೈಗೆ ಇಳೀತು. ಬೆವರು ಸುರೀತಿದೆ. ಬರ್ತಾ ಕಾರಲ್ಲಿ ಒಂದು ಸಲ ವಾಂತಿ. ಇವರಿಗೂ ಶುಗರ್ ಇದೆ, ಮಾತ್ರೆ ಇವು. ಬೆಳಿಗ್ಗೆದು ಇನ್ನೂ ತಗೊಂಡಿಲ್ಲ." ಎಲ್ಲವೂ ನೇರ, ಒಂದು ಪ್ರದಕ್ಷಿಣೆಯೂ ಇಲ್ಲ. ಡಾಕ್ಟರು ಬರೆದುಕೊಳ್ಳುತ್ತಲೇ ಮಂಚವನ್ನು ಒಳಗೆ ತಳ್ಳಿಸಿದರು.

ನನ್ನ ಗಂಡ ದುಡ್ಡು ಕಟ್ಟಲು ಹೋದರು; ಹೊರಗೆ ಸ್ಟೀಲಿನ ಕುರ್ಚಿಗಳ ಮೇಲೆ ನಾನು, ದೊಡ್ಡಮ್ಮ ಕೂತೆವು. ದೊಡ್ಡಮ್ಮ ಅಂದಳು, "ಅಂದ್ಬಿಟ್ಟೆ ಕಣೇ."

"ಅಂದಿದ್ದಕ್ಕೇ ಬೇಗ ಬಂದ್ವಿ, ದೊಡ್ಡಮ್ಮ."

"ಐವತ್ತು ವರ್ಷ ಆ ಮಾತು ಬಾಯಿಗೆ ಬರದ ಹಾಗೆ ನೋಡ್ಕೊಂಡೆ. ಅಂದ್ರೆ ಆಗುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಅಂದೆ."

ನನಗೆ ಆಗ ಅರ್ಥವಾಯಿತು. ನಾನು ಇಪ್ಪತ್ತು ದಿನ ಅವಳಿಂದ ಹೇಳಿಸಲು ಹೊರಟಿದ್ದು ನನ್ನ ಪಾಲಿಗೆ ಬರೀ ಎರಡು ಪದ. ಅವಳ ಪಾಲಿಗೆ ಅದು ಗಂಡನ ಪ್ರಾಣ. ಡಾಕ್ಟರ ಕೈಗೆ ಅವರನ್ನು ಒಪ್ಪಿಸಲು ಬೇರೆ ದಾರಿಯಿಲ್ಲವೆಂದು ಆ ಪ್ರಾಣವನ್ನೇ ಪಣಕ್ಕಿಟ್ಟು ಮಾತಾಡಿದ್ದಳು. ಇಷ್ಟು ವರ್ಷ ಇವಳನ್ನು ಆಡಿಕೊಂಡು ನಕ್ಕೆನಲ್ಲ ಎಂದು ನಾಚಿಕೆಯಾಯಿತು.

"ಭಯ ಆಗ್ತಿದೆ," ಅಂದಳು. "ಒಂದು ಒಳ್ಳೇ ಮಾತಾಡೇ."

"ದೊಡ್ಡಪ್ಪ ಚೆನ್ನಾಗಿರ್ತಾರೆ."

"ಇನ್ನೊಂದ್ಸಲ."

ಹೇಳಿದೆ. ಮತ್ತೆ ಹೇಳಿದೆ. ಎಷ್ಟು ಸಲ ಹೇಳಿದೆನೋ ನನಗೇ ನೆನಪಿಲ್ಲ. ಕೊನೆಗೆ ಬಾಗಿಲು ತೆರೆದು ಡಾಕ್ಟರು ಬಂದರು. "ಸ್ಟೆಂಟ್ ಹಾಕಿದೀವಿ ಅಮ್ಮ. ಇನ್ನೇನೂ ತೊಂದ್ರೆ ಇಲ್ಲ. ಸರಿಯಾದ ಟೈಮಿಗೆ ಕರ್ಕೊಂಡ್ಬಂದ್ರಿ."

ದೊಡ್ಡಮ್ಮ ಎದ್ದು ನಿಂತು ಅವರಿಗೆ ಕೈಮುಗಿದಳು. ಅವರು ಒಳಗೆ ಹೋಗುವವರೆಗೂ ಹಾಗೇ ನಿಂತಿದ್ದು, ನನ್ನ ಕಡೆ ತಿರುಗಿದಳು.

"ಅವರು ತೊಂದ್ರೆ ಇಲ್ಲ ಅಂದ್ರು, ಅದರಲ್ಲೂ ತೊಂದ್ರೆ ಅನ್ನೋ ಮಾತಿದೆ. ನೀನು ಸರಿಯಾಗಿ ಹೇಳು."

"ದೊಡ್ಡಪ್ಪ ಚೆನ್ನಾಗಿದಾರೆ," ಅಂದೆ.

ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ನನ್ನ ಹೆಗಲಿಗೆ ಹಣೆ ಒತ್ತಿ ಅತ್ತಳು.