ದೊಡ್ಡದು, ಸಣ್ಣದು ಮತ್ತು ಸೂಪರ್‌ವೈಸರ್ ಮೇಡಂ

ಪುಟ್ಟ ಮಕ್ಕಳಿಗೆ ದೊಡ್ಡದು-ಸಣ್ಣದು ಕಲಿಸುವುದು ಏನು ಮಹಾ ಕೆಲಸ ಎನ್ನುವವರನ್ನು ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಬಸರೀಕಟ್ಟೆ ಕಡೆಯ ಈ ಅಂಗನವಾಡಿಗೆ ಬಂದು ಹದಿನೆಂಟು ವರ್ಷವಾಯಿತು. ಈಗಲೂ ವಾರಕ್ಕೊಮ್ಮೆಯಾದರೂ ನನ್ನ ಎದೆ ಧಸಕ್ಕೆನ್ನುತ್ತದೆ.

ಗೊರಬಲು

ಈ ವರ್ಷ ಬಯಲುಸೀಮೆ ಕಡೆಯಿಂದ ಹೊಸ ಸೂಪರ್‌ವೈಸರ್ ಮೇಡಂ ಬಂದರು. ಅವರ ಎದುರು ಒಬ್ಬ ಪುಟ್ಟಿಗೆ ಬುಟ್ಟಿ ಅಡಿಕೆ ಕೊಟ್ಟು, "ಬೇರೆ ಬೇರೆ ಗುಡ್ಡೆ ಮಾಡು" ಎಂದೆ. ಅವಳು ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದನ್ನೂ ಉಗುರಿನಲ್ಲಿ ಗೀರಿ ನೋಡಿ ಮೂರು ಗುಡ್ಡೆ ಮಾಡಿದಳು. ಮೂರರಲ್ಲೂ ದೊಡ್ಡದೂ ಇತ್ತು, ಸಣ್ಣದೂ ಇತ್ತು.

"ಇದೆಂತ ಕೂಸೇ?"

"ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು." ಮಂಡಿಯಲ್ಲಿ ದರ ಕಟ್ಟುವ ಅಡಿಕೆಯ ದರ್ಜೆಗಳು!

"ಗಾತ್ರ ನೋಡ್ಬೇಕಲ್ಲ?"

"ಗಾತ್ರ ನೋಡಿ ಅಡಿಕೆ ಯಾರು ತಗೊಳ್ತಾರೆ ಟೀಚರ್?"

ನಮ್ಮ ಸಹಾಯಕಿ ಬಗ್ಗಿ ನೋಡಿ, "ಸರಿಯಾಗೇ ಆರಿಸಿದೆ ಮಾರಾಯ್ರೆ" ಅಂದುಬಿಟ್ಟರು. ಮೇಡಂ ತಪಾಸಣೆ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಬರೆದರು: "ಮಕ್ಕಳಿಗೆ ಗಾತ್ರದ ಕಲ್ಪನೆ ಇಲ್ಲ." ಮುಂದಿನ ಸಲವೂ ಹೀಗಾದರೆ ನಾನು ನರಸಿಂಹರಾಜಪುರಕ್ಕೆ ಹೋಗಿ, ಹೊಸದಾಗಿ ಸೇರಿದವರ ಜೊತೆ ಮತ್ತೆ ತರಬೇತಿಗೆ ಕೂರಬೇಕಂತೆ. ಆ ಹೊಸಬರಲ್ಲಿ ಒಬ್ಬಳಿಗೆ ಮೂಗು ಒರೆಸಿ ಅಆಇಈ ಕಲಿಸಿದವಳು ನಾನೇ!

ಮನೆಪಾಠ

ಅಭ್ಯಾಸವಾಗಲಿ ಎಂದು, ಮನೆಯ ಸಾಮಾನುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಎಂದು ಮಕ್ಕಳಿಗೆ ಹೇಳಿ ಕಳಿಸಿದೆ. ಚಮಚ, ಪಾತ್ರೆ ಜೋಡಿಸುತ್ತಾರೆ ಅಂದುಕೊಂಡಿದ್ದೆ. ಮರುದಿನ ಒಬ್ಬ ತಾಯಿ ತಟ್ಟೆ ಹಿಡಿದು ಬಂದಳು. ಮಗ ಅಜ್ಜನ ಮಾತ್ರೆಗಳನ್ನೆಲ್ಲ ಕವರಿನಿಂದ ಬಿಡಿಸಿ ಸಾಲಾಗಿ ಜೋಡಿಸಿದ್ದ. ಒಂದೂ ತಪ್ಪಿಲ್ಲ.

"ಇದ್ರಲ್ಲಿ ಬಿಪಿದು ಯಾವ್ದು, ಶುಗರಿಂದು ಯಾವ್ದು, ನೀವೇ ಹೇಳಿ!"

ಹೊಸ ಮಾತ್ರೆಗೆ ಕೊಪ್ಪಕ್ಕೆ ಓಡಿದ್ದಾಯಿತು. ಸಂಜೆ ದಾರಿಯಲ್ಲಿ ಸಿಕ್ಕ ಅಜ್ಜ ಮಾತ್ರ ಕೈ ಮುಗಿದರು. "ಒಂದು ಹೊತ್ತಾದ್ರೂ ಆ ಕಹಿ ತಪ್ತಲ್ಲ. ಈ ಹೋಮ್‌ವರ್ಕ್ ವಾರಕ್ಕೊಂದ್ಸಲ ಕೊಡು ಮಾರಾಯ್ತಿ."

ಚಿಕ್ಕಪ್ಪ

ಸಾಮಾನಿನ ಸಹವಾಸ ಬೇಡವೆಂದು ಮನುಷ್ಯರಿಗೆ ಬಂದೆ. "ಮನೇಲಿ ಯಾರು ದೊಡ್ಡವ್ರು?"

"ಚಿಕ್ಕಪ್ಪ. ದೊಡ್ಡಪ್ಪ ಸಣ್ಣ" ಎಂದ ಒಬ್ಬ ಪೋರ.

ತಿದ್ದಿದೆ. ಒಪ್ಪಲಿಲ್ಲ. ಗದರಿದೆ. ಅತ್ತ. ಸಂಜೆ ಚಿಕ್ಕಪ್ಪ ಬೈಕಿನಲ್ಲಿ ಕರೆದೊಯ್ಯಲು ಬಂದರು. "ದೊಡ್ಡಪ್ಪ ಬರಲಿಲ್ವಾ?" ಎಂದು ಕೇಳಿದೆ.

"ಇಲ್ಲೇ ಇದೀನಲ್ಲ ಟೀಚರ್" ಎಂದು ಚಿಕ್ಕಪ್ಪನ ಬೆನ್ನ ಹಿಂದಿನಿಂದ ಒಂದು ದನಿ ಬಂತು.

ಇಂಬಳ

ಕೊನೆಗೂ ಆ ದಿನ ಬಂತು. ಮಳೆಯಲ್ಲಿ ಜೀಪಿಳಿದು, ಹುಲ್ಲು ತುಳಿದುಕೊಂಡು ಬಂದ ಮೇಡಂ ಕುರ್ಚಿಯಲ್ಲಿ ಕೂತರು. ಮಕ್ಕಳು ಹಾಡು ಹೇಳಿದರು. ಆಮೇಲೆ ನಾನು ಮೂರು ಲೋಟ ಇಟ್ಟೆ. ಮೇಡಂ ಕರೆದದ್ದು ಯಾರನ್ನು? ಸೇರಿ ಮೂರು ತಿಂಗಳಾದರೂ ಬಾಯಿ ಬಿಡದಿದ್ದ ಒಬ್ಬಳೇ ಒಬ್ಬ ಕೂಸನ್ನು!

"ಯಾವುದು ದೊಡ್ಡದು ಪುಟ್ಟಾ?"

ಅವಳು ಲೋಟದ ಕಡೆ ನೋಡಲೇ ಇಲ್ಲ. ಮೇಡಂ ಕಾಲನ್ನೇ ನೋಡುತ್ತ ನಿಂತಳು. ಕೆಂಪು ಪೆನ್ನಿನ ಮುಚ್ಚಳ ತೆರೆಯಿತು. ನನಗೆ ನರಸಿಂಹರಾಜಪುರದ ಬಸ್ಸೇ ಕಣ್ಣೆದುರು ಬಂತು.

ಆಗ ಕೂಸು ಬಾಯಿ ಬಿಟ್ಟಿತು. "ಮೇಡಂ ಕೂತಾಗ ಸಣ್ಣ ಇತ್ತು. ಹಾಡು ಹೇಳುವಾಗ ದೊಡ್ಡ ಆಯ್ತು. ಈಗ ಎಲ್ಲದಕ್ಕಿಂತ ದೊಡ್ಡ."

"ಎಂತದು?"

ಅವಳು ಬೆರಳು ತೋರಿಸಿದಳು. ಮೇಡಂ ಪಾದದ ಮೇಲೆ ಒಂದು ಇಂಬಳ, ರಕ್ತ ಕುಡಿದು ನೇರಳೆ ಹಣ್ಣಿನಷ್ಟಾಗಿತ್ತು.

"ಅಯ್ಯಯ್ಯೋ, ಜಿಗಣೆ!" ಮೇಡಂ ಕುರ್ಚಿಯ ಮೇಲೆ ಹತ್ತಿ ನಿಂತರು. ಸಹಾಯಕಿ ಉಪ್ಪು ತಂದು ಹಾಕಿ ಅದನ್ನು ಬೀಳಿಸಿದರು.

"ಅಷ್ಟೊತ್ತಿಂದ ನೋಡ್ತಾ ಇದ್ದೆಯಲ್ಲ, ಮೊದಲೇ ಯಾಕೆ ಹೇಳಲಿಲ್ಲ?" ಮೇಡಂ ಕೂಸನ್ನು ಕೇಳಿದರು.

"ದೊಡ್ಡದು ಯಾವ್ದು ಅಂತ ಕೇಳಿದ್ದು ಈಗಲ್ವಾ?"

ಮೇಡಂಗೆ ನಗು ಬಂದುಬಿಟ್ಟಿತು. ಕುರ್ಚಿಯ ಮೇಲೆ ನಿಂತೇ ಪುಸ್ತಕ ಕೇಳಿದರು. "ಮಕ್ಕಳಿಗೆ ಗಾತ್ರದ ಕಲ್ಪನೆ ಚೆನ್ನಾಗಿದೆ" ಎಂದು ಬರೆಯತೊಡಗಿದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಆ ಕೂಸು ನನ್ನ ಸೆರಗು ಜಗ್ಗಿ ಪಿಸುಗುಟ್ಟಿತು.

"ಟೀಚರ್, ಮೇಡಂ ಇನ್ನೊಂದು ಕಾಲಲ್ಲಿ ಸಣ್ಣದೊಂದು ಇದೆ."

"ಸುಮ್ನಿರು ಮಾರಾಯ್ತಿ," ಅಂದೆ, "ಸಹಿ ಆಗ್ಲಿ."