ಆರಾಮಣ್ಣನ ಸೋಫಾ

"ಇವನು ಮಾಡ್ತಾನಾ? ಛೇ ಛೇ, ನಾನೇ ಮಾಡ್ತೀನಿ ಸಾರ್. ಇವನು ತುಂಬಿದ ಸೀಟಿನ ಮೇಲೆ ಮನುಷ್ಯರಿರಲಿ, ಬೆಕ್ಕು ಕೂಡ ಕೂರಲ್ಲ!"

ಸೋಫಾ ಅಂಗಡಿಯ ಯಜಮಾನ ಇದನ್ನು ಮೆಲ್ಲಗೆ ಹೇಳಿದ್ದರೆ ಅವನ ಕೆಲಸಗಾರ ಸ್ಪಂಜು ಅವಮಾನ ನುಂಗಿಕೊಳ್ಳುತ್ತಿದ್ದ. ಹೇಳಿದ್ದು ಸಂಗೀತ ಉತ್ಸವದ ಮ್ಯಾನೇಜರ್ ಎದುರಿಗೆ, ಪಕ್ಕದಂಗಡಿಯ ಟೈಲರಕ್ಕ ಮತ್ತು ಬೀಗ ರಿಪೇರಿಯ ತಾತ ಕಿವಿ ನಿಮಿರಿಸಿ ನಿಂತಿದ್ದಾಗ. ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಹಗಲೆಲ್ಲ ಸ್ಪಂಜು ಕತ್ತರಿಸಿ ತುಂಬುವುದರಿಂದ ಅವನಿಗೆ ಆ ಹೆಸರು. ಅಂಗಡಿಯ ಪ್ರತಿ ಸೋಫಾದ ಹೊಲಿಗೆಯೂ ಅವನದೇ. ಗಿರಾಕಿ ಬಂದಾಗ ಮಾತ್ರ ಯಜಮಾನ ಅದರ ಮೇಲೆ ಕೈಯಾಡಿಸಿ, "ಪೂರ್ತಿ ನನ್ನ ಕೈಕೆಲಸ" ಅನ್ನುತ್ತಿದ್ದ.

ಅಂದು ಸಂಜೆ ಬಯಲಿನಲ್ಲಿ ಆರಾಮಣ್ಣನ ಗಾಯನ. ನಿಂತು ಹಾಡಿದರೆ ಹಾಡಿಗೆ ಕಾಲುನೋವು ಬರುತ್ತದೆಂದು ನಂಬಿದ ಗಾಯಕ. ಸೋಫಾ ಇಲ್ಲದ ವೇದಿಕೆ ಹತ್ತುವುದಿಲ್ಲ. "ಒಂದೇ ಮಾತು, ಸೀಟು ಗಟ್ಟಿಯಾಗಿರಲಿ, ಹಲಗೆ ಥರ" ಎಂದು ಹೇಳಿ ಮ್ಯಾನೇಜರ್ ಹೋದ. "ಕೇಳಿಸ್ತೇನೋ? ಗಟ್ಟಿ!" ಎಂದು ಗದರಿಸಿ, 'ನಾನೇ ಮಾಡ್ತೀನಿ' ಎಂದಿದ್ದ ಯಜಮಾನ ಮನೆಗೆ ಮಲಗಲು ಹೋದ.

"ಬಿಡಬೇಡ ಕಣೋ," ಟೈಲರಕ್ಕ ಬೆಂಕಿಗೆ ಎಣ್ಣೆ ಸುರಿದಳು. "ಇವತ್ತು ಊರಿಗೂರೇ ನೋಡುತ್ತೆ. ಇದು ನೀನು ಮಾಡಿದ್ದು ಅಂತ ಅವನ ಬಾಯಿಂದಲೇ ಹೇಳಿಸು."

"ಎಲ್ಲರ ಮುಂದೆ," ಅಂದ ಬೀಗದ ತಾತ.

"ಹೇಳಿಸ್ತೀನಿ ಅಕ್ಕಾ," ಸ್ಪಂಜು ಹಲ್ಲು ಕಡಿದ. "ಹಲಗೆ ಬೇಕಂತೆ! ಹಲಗೆಗೆ ಬಡಗಿ ಸಾಲದಾ? ನಾನ್ಯಾಕೆ?"

ಗಟ್ಟಿ ಸ್ಪಂಜನ್ನೆಲ್ಲ ಮೂಲೆಗೆಸೆದ. ಸ್ಪ್ರಿಂಗುಗಳನ್ನು ಸಡಿಲಿಸಿದ. ಹತ್ತಿಯನ್ನು ಕೈಯಲ್ಲೇ ಬಿಡಿಸಿ, ಹೊಗೆಯಷ್ಟು ಹಗುರ ಮಾಡಿ ಪದರ ಪದರವಾಗಿ ತುಂಬಿದ. ಸೂಜಿ ಒಂದೊಂದು ಸಲ ಒಳಹೋದಾಗಲೂ ಅದು ಯಜಮಾನನ ಬೆನ್ನೆಂದೇ ಭಾವಿಸಿಕೊಂಡ. ಮೇಲೆ ಮಖಮಲ್ಲು ಎಳೆದಾಗ ಸೋಫಾ ಆಗ ತಾನೆ ಉಬ್ಬಿದ ಬನ್ನಿನಂತೆ ಕಂಡಿತು.

"ಒಂದ್ನಿಮಿಷ ಕೂತು ನೋಡ್ಲೇನಪ್ಪಾ?" ಎಂದು ತಾತ ಕೂತ. ಸೊಂಟದವರೆಗೆ ಮುಳುಗಿದ. "ಆಹಾ" ಅಂದ. ಆಮೇಲೆ ಕಣ್ಣು ಮುಚ್ಚಿದ.

ಟೆಂಪೊ ಬಂದು ಹಾರ್ನ್ ಹೊಡೆಯಿತು. ಅಕ್ಕ ಕೈ ಎಳೆದಳು, ಸ್ಪಂಜು ಕಂಕುಳಿಗೆ ಕೈಹಾಕಿದ, ಡ್ರೈವರ್ ನೀರು ಚಿಮುಕಿಸಿದ. ತಾತ ನಿದ್ದೆಯಲ್ಲೇ ಮುಗುಳ್ನಕ್ಕು ಮಗ್ಗುಲು ಬದಲಾಯಿಸಿದ.

"ಹೊತ್ತಾಗ್ತಿದೆ ಗುರು, ಹಾಗೇ ಎತ್ತು!" ಎಂದ ಡ್ರೈವರ್.

ಬಿಸಿಲಲ್ಲಿ ಬೆವೆತ ಸಾವಿರಾರು ಜನ ಬಯಲು ತುಂಬಿದ್ದರು. ಸ್ಪಂಜುವಿನ ಹತ್ತಿರ ಪಾಸಿರಲಿಲ್ಲ. ಆದರೆ ಸೋಫಾದಲ್ಲಿ ಬಾಯಿ ತೆರೆದು ಮಲಗಿದ ಮುದುಕನನ್ನು ಕಂಡದ್ದೇ ಗೇಟಿನ ಕಾವಲುಗಾರ ಸೆಲ್ಯೂಟ್ ಹೊಡೆದ. "ದಾರಿ ಬಿಡ್ರೋ, ಆರಾಮಣ್ಣ ಬಂದ್ರು!" ಜನ ಶಿಳ್ಳೆ ಹಾಕಿದರು. ಯಾರೋ ತಾತನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ವೇದಿಕೆಯ ಹಿಂದೆ ಸೋಫಾವನ್ನು ವಾಲಿಸಿ ತಾತನನ್ನು ಹುಲ್ಲಿನ ಮೇಲೆ ಉರುಳಿಸಿದರೂ ಅವನ ಗೊರಕೆ ತಾಳ ತಪ್ಪಲಿಲ್ಲ.

ಸೋಫಾ ವೇದಿಕೆಗೇರುವಷ್ಟರಲ್ಲಿ ಯಜಮಾನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಾಗಿ, ವೇದಿಕೆಯೇರಿ ಮೈಕು ಹಿಡಿದಿದ್ದ. "ಈ ಸೋಫಾ ಪೂರ್ತಿ ನನ್ನ ಕೈಕೆಲಸ!" ಚಪ್ಪಾಳೆ ಬಿತ್ತು. ಕೆಳಗೆ ನಿಂತ ಸ್ಪಂಜುವಿನ ಕಿವಿ ಕಾದ ಹೆಂಚಾಯಿತು.

ನಿಜವಾದ ಆರಾಮಣ್ಣ ಸವೆದ ಚಪ್ಪಲಿ ಎಳೆಯುತ್ತ ಬಂದು, ಜನರಿಗೆ ಕೈಬೀಸಿ, ಆಕಳಿಸಿದ. ಆಕಳಿಕೆಗೂ ಶಿಳ್ಳೆ. ಕೂತ. ಮುಳುಗಿದ. ಅವನ ಮುಖದಲ್ಲಿ ತೊಟ್ಟಿಲ ಮಗುವಿನ ಸುಖ ಕಂಡು ಸ್ಪಂಜು ಎದೆಯುಬ್ಬಿಸಿದ.

ಮೊದಲ ಹಾಡು ಮಂಜಿನ ಹಾಗೆ ಇಳಿಯಿತು. ಎರಡನೆಯದು ಅರ್ಧ ಸಾಲಿಗೆ ನಿಂತಿತು. ವಾದ್ಯದವರು ಅದೇ ಸಾಲನ್ನು ಮತ್ತೆ ಮತ್ತೆ ನುಡಿಸಿದರು.

"ಏನು ಸ್ಟೈಲು ಮಾರಾಯ! ಮೌನದಲ್ಲೇ ಹಾಡ್ತಿದಾನೆ!" ಪಕ್ಕದವನು ಕಣ್ಣೊರೆಸಿಕೊಂಡ.

ಆಗ ಮೈಕಿನಲ್ಲಿ ಗೊರಕೆ ಮೊಳಗಿತು.

ಮರುಕ್ಷಣ ಖಾಲಿ ಬಾಟಲಿಗಳು ಹಾರಿದವು. "ಎಬ್ಬಿಸ್ರೋ! ಇದಕ್ಕಾ ನಾವು ಬಿಸಿಲಲ್ಲಿ ಬೆಂದಿದ್ದು!" ನಾಲ್ವರು ಎಳೆದರೂ ಆರಾಮಣ್ಣ ಸೋಫಾದಿಂದ ಮೇಲೇಳಲಿಲ್ಲ.

ಮ್ಯಾನೇಜರ್ ಯಜಮಾನನ ಕಾಲರ್ ಹಿಡಿದ. "ಗಟ್ಟಿ ಇರಲಿ ಅಂತ ಬಾಯಿ ಬಡ್ಕೊಂಡೆ! ಮೆತ್ತಗಿದ್ರೆ ಈ ಮನುಷ್ಯ ಮಲಗಿಬಿಡ್ತಾನೆ ಅಂತಾನೇ ಕಣಯ್ಯಾ ಹೇಳಿದ್ದು! ನಿನ್ನ ಕೈಕೆಲಸ ಅಲ್ವಾ? ಜನರ ಮುಂದೆ ನೀನೇ ಉತ್ತರ ಕೊಡು!"

ಯಜಮಾನ ಬೆವರೊರೆಸಿಕೊಂಡು ಮೈಕು ಕಿತ್ತುಕೊಂಡ. ಬೆರಳು ಚಾಚಿ ಬಯಲಿಗೆಲ್ಲ ಕೇಳುವಂತೆ ಕೂಗಿದ:

"ಬಂಧುಗಳೇ! ದೇವರಾಣೆಗೂ ಇದರಲ್ಲಿ ನನ್ನದು ಒಂದು ಹೊಲಿಗೆಯೂ ಇಲ್ಲ! ಪೂರ್ತಿ ಮಾಡಿದ್ದು ಅಗೋ, ಅಲ್ಲಿ ನಿಂತಿದಾನಲ್ಲ, ಅವನು! ಇದೊಂದೇ ಅಲ್ಲ, ನಮ್ಮ ಅಂಗಡಿಯ ಎಲ್ಲಾ ಸೋಫಾನೂ ಅವನೇ ಮಾಡೋದು!"

ಸಾವಿರಾರು ತಲೆಗಳು ಒಟ್ಟಿಗೆ ತಿರುಗಿದವು.

"ಹೌದೇನೋ? ನೀನೇನಾ ಮಾಡಿದ್ದು?" ಮ್ಯಾನೇಜರ್ ಗರ್ಜಿಸಿದ.

ಸ್ಪಂಜು ಅಂಗಿಗೆ ಅಂಟಿದ್ದ ಹತ್ತಿಯನ್ನು ಕೊಡವಿಕೊಂಡ. ಬೆನ್ನು ತಿರುಗಿಸಿದ. ತಲೆಯೆತ್ತಿಕೊಂಡೇ, ಆ ಜನರ ನಡುವೆಯೇ, ಗೇಟಿನ ಕಡೆ ನಡೆದುಬಿಟ್ಟ.